ಕೆಂಗೇರಿ ಸೀಮೆಗೆ ಕರೆಂಟು ಬಂದ ಕಥೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ಮೇಷ್ಟ್ರುಗಳ ನೆನಪು, ಆಟದ ಮೈದಾನದ ನೆನಪು ಬರೆಯುವವರು ಬೇಕಾದಷ್ಟು ಜನರಿದ್ದಾರೆ. ಈ ಶಾಲೆಯ ಮೊದಲ ವರ್ಷಗಳಲ್ಲಿ ಓದಿ, ಮುಂದೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನಗೆ ನಮ್ಮ ಸೀಮೆಯ ಚರಿತ್ರೆಯ ಒಂದು ಭಾಗವನ್ನು ಬರೆಯಬೇಕೆನಿಸಿತು. ಅದು ವಿದ್ಯುತ್ತಿನ ಚರಿತ್ರೆ.

ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು, ಬೆಂಗಳೂರಿಗೆ 1905ರಲ್ಲಿ ವಿದ್ಯುತ್ ದೀಪ ಬಂತು ಎಂದು ನಾನು ಎಷ್ಟೋ ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ. ಮಕ್ಕಳು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡಿದ್ದಾರೆ. ಆದರೆ ಆ ಬೆಂಗಳೂರಿನ ಸಿಟಿ ಮಾರ್ಕೆಟ್ಟಿನಿಂದ ಹತ್ತು-ಹನ್ನೆರಡು ಮೈಲಿ ದೂರದಲ್ಲಿ, ಅದಾಗಿ ಎಪ್ಪತ್ತು ವರ್ಷಗಳ ನಂತರವೂ, ನಾವು ಹಲವರು ಸೀಮೆಎಣ್ಣೆ ಬುಡ್ಡಿಯ ಮುಂದೆ ಕುಳಿತು ಓದುತ್ತಿದ್ದೆವು. ಹತ್ತು ಮೈಲಿ ದಾರಿಗೆ ಕರೆಂಟು ಎಪ್ಪತ್ತು ವರ್ಷ ತೆಗೆದುಕೊಂಡದ್ದೇಕೆ? ಈ ಲೇಖನದಲ್ಲಿ ನಾನು ಉತ್ತರ ಹುಡುಕಿರುವುದು ಇದೊಂದೇ ಪ್ರಶ್ನೆಗೆ.

ಕೆಂಗೇರಿ ಸ್ಟೇಷನ್ ದಾಟಿ ಹೋದ ಯಂತ್ರಗಳು

ಕಾವೇರಿಯ ಜಲಪಾತದಿಂದ ವಿದ್ಯುತ್ ತೆಗೆಯುವ ಯೋಜನೆ ಕೈಗೂಡಿದ್ದು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಅದರ ರೂವಾರಿ ಕೆನಡಾ ಮೂಲದ ಎಂಜಿನಿಯರ್ ಎ. ಸಿ. ಜಾಲಿ ಡಿ ಲಾಟ್‌ಬಿನಿಯೇರ್. ನೀರಿನ ಚಕ್ರಗಳು ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಯಿಂದ, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ಅವನ್ನು ಮದ್ದೂರು ರೈಲು ನಿಲ್ದಾಣದಲ್ಲಿ ಇಳಿಸಿಕೊಂಡು, ಅಲ್ಲಿಂದ ಎತ್ತಿನ ಗಾಡಿಗಳಲ್ಲಿ, ಆನೆಗಳ ಸಹಾಯದಿಂದ ಜಲಪಾತದವರೆಗೆ ಸಾಗಿಸಿದರು.

ಇಲ್ಲಿ ನಮ್ಮ ಊರಿನವರು ಗಮನಿಸಬೇಕಾದ ಒಂದು ಸಂಗತಿಯಿದೆ. ಬೆಂಗಳೂರು–ಮೈಸೂರು ರೈಲು ಮಾರ್ಗ ಅಷ್ಟರಲ್ಲಾಗಲೇ ಇಪ್ಪತ್ತು ವರ್ಷ ಹಳೆಯದಾಗಿತ್ತು. ಅರಸೀಕೆರೆಯ ಕಡೆಯಿಂದ ಮೈಸೂರಿಗೆ ಹೋಗುವ ಮಾರ್ಗ ಆಗಿನ್ನೂ ಇರಲಿಲ್ಲ. ಹೀಗಾಗಿ ಹೊರಗಿನಿಂದ ಮದ್ದೂರಿಗೆ ಹೋಗುವ ಯಾವ ರೈಲೇ ಆದರೂ ಬೆಂಗಳೂರಿನ ಮೇಲೆ, ಕೆಂಗೇರಿಯನ್ನು ದಾಟಿಯೇ ಹೋಗಬೇಕಿತ್ತು. ಅಂದರೆ ಮೈಸೂರು ಸಂಸ್ಥಾನಕ್ಕೆ ಬೆಳಕು ಕೊಟ್ಟ ಮೊದಲ ಯಂತ್ರಗಳು ನಮ್ಮ ಸ್ಟೇಷನ್ನಿನ ಮುಂದೆಯೇ ಹಾದುಹೋಗಿವೆ.

1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ದೂರ 92 ಮೈಲಿ. ತಂತಿಯಲ್ಲಿ 30 ಸಾವಿರ ವೋಲ್ಟಿಗೂ ಮೇಲ್ಪಟ್ಟ ಒತ್ತಡ. ನಯಾಗರಾ ಜಲಪಾತದಿಂದ ಬಫಲೋ ನಗರಕ್ಕೆ ಅಮೆರಿಕದವರು 1896ರಲ್ಲಿ ವಿದ್ಯುತ್ ಒಯ್ದ ದೂರ ಮೂವತ್ತು ಮೈಲಿಯೂ ಇರಲಿಲ್ಲ ಎಂಬುದನ್ನು ನೆನೆದರೆ ಇದು ಎಂಥ ಸಾಹಸವೆಂದು ತಿಳಿಯುತ್ತದೆ. ಶೇಷಾದ್ರಿ ಅಯ್ಯರ್ ಅವರಿಗೆ ಇದನ್ನು ನೋಡುವ ಭಾಗ್ಯವಿರಲಿಲ್ಲ. ಅವರು 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

ಗಣಿ ಮೊದಲು, ಪೇಟೆ ಆಮೇಲೆ

ಮೊದಲ ವಿದ್ಯುತ್ ಚಿನ್ನದ ಗಣಿಗೇ ಏಕೆ ಹೋಯಿತು? ಗಣಿಯನ್ನು ನಡೆಸುತ್ತಿದ್ದ ಇಂಗ್ಲಿಷ್ ಕಂಪನಿಗಳು ಹಣ ಕೊಡಬಲ್ಲವಾಗಿದ್ದವು ಎಂಬುದು ಒಂದು ಕಾರಣ. ಎರಡನೆಯದು ವಿದ್ಯುತ್ತಿನ ಸ್ವಭಾವಕ್ಕೇ ಸಂಬಂಧಿಸಿದ್ದು. ರಾಗಿಯಂತೆ ಇದನ್ನು ಹಗೇವಿನಲ್ಲಿ ತುಂಬಿಡಲು ಬರುವುದಿಲ್ಲ. ಯಂತ್ರ ತಿರುಗಿದ ಗಳಿಗೆಯಲ್ಲೇ ಯಾರಾದರೂ ಅದನ್ನು ಬಳಸಬೇಕು. ಗಣಿಯ ಯಂತ್ರಗಳು ಹಗಲೂ ರಾತ್ರಿ ಓಡುತ್ತಿದ್ದವು. ಹಳ್ಳಿಯ ಮನೆಗೆ ಬೇಕಾದದ್ದು ಸಂಜೆಯ ಮೂರು-ನಾಲ್ಕು ಗಂಟೆಯ ಒಂದು ದೀಪ ಮಾತ್ರ. ವ್ಯಾಪಾರದ ಲೆಕ್ಕದಲ್ಲಿ ಹಳ್ಳಿ ಯಾವಾಗಲೂ ಸೋಲುತ್ತಿತ್ತು.

ಗಣಿಯಾದ ಮೇಲೆ ನಗರದ ಸರದಿ. 1905ರ ಆಗಸ್ಟ್ 5ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಬಳಿ ವಿದ್ಯುತ್ ದೀಪ ಹೊತ್ತಿತು. 1908ರಲ್ಲಿ ಮೈಸೂರಿಗೂ ಬಂತು. ಶಿವನಸಮುದ್ರದಿಂದ ಬಂದ ತಂತಿ ಎಷ್ಟೋ ಹಳ್ಳಿಗಳ ಹೊಲಗಳ ಮೇಲೆ ಹಾದುಬಂದಿತ್ತು. ಆ ಹಳ್ಳಿಗಳವರು ತಲೆಯೆತ್ತಿ ತಂತಿಯನ್ನು ನೋಡಿ, ಮನೆಗೆ ಬಂದು ಹರಳೆಣ್ಣೆಯ ದೀಪ ಹಚ್ಚುತ್ತಿದ್ದರು.

ಮೇಲೆ ಹೋಗುವ ತಂತಿಯಿಂದ ಒಂದು ಎಳೆ ಕೆಳಗಿಳಿಸಿಕೊಂಡರೆ ಆಗುತ್ತಿರಲಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಆಗುವುದಿಲ್ಲ. ದೂರಕ್ಕೆ ವಿದ್ಯುತ್ ಕಳಿಸುವಾಗ ತಂತಿ ಬಿಸಿಯಾಗಿ ಶಕ್ತಿ ಪೋಲಾಗದಿರಲೆಂದು ಅದರ ಒತ್ತಡವನ್ನು ವಿಪರೀತ ಏರಿಸಿರುತ್ತಾರೆ. ಅದನ್ನು ಹಂತಹಂತವಾಗಿ ಇಳಿಸಿ, ಕೊನೆಗೆ ಮನೆಗೆ ಬೇಕಾದ 230 ವೋಲ್ಟಿಗೆ ತರಬೇಕು. ಅದಕ್ಕೆ ಸಬ್‌ಸ್ಟೇಷನ್ ಬೇಕು, ಊರ ಹೊರಗೆ ಟ್ರಾನ್ಸ್‌ಫಾರ್ಮರ್ ಬೇಕು. ನಮ್ಮ ರೈತರು ಟಿ.ಸಿ. ಎಂದು ಕರೆಯುವುದು ಇದನ್ನೇ. ಜೊತೆಗೆ ಕಂಬ, ತಂತಿ, ಪಿಂಗಾಣಿ, ನೋಡಿಕೊಳ್ಳಲು ಲೈನ್‌ಮ್ಯಾನ್. ಇಷ್ಟು ಖರ್ಚಿಗೆ ಪ್ರತಿಯಾಗಿ ಹಳ್ಳಿಯಿಂದ ಬರುತ್ತಿದ್ದದ್ದು ಕೆಲವೇ ದೀಪಗಳ ಬಾಡಿಗೆ. ಇದೇ ಹತ್ತು ಮೈಲಿಯ ಕಷ್ಟ.

ನೀರೇ ಉಗ್ರಾಣ

ಕರೆಂಟನ್ನು ಕೂಡಿಡಲಾಗದಿದ್ದರೂ ನೀರನ್ನು ಕೂಡಿಡಬಹುದು. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಶಿವನಸಮುದ್ರದ ಯಂತ್ರಗಳೂ ಸೊರಗುತ್ತಿದ್ದವು. ಗಣಿಗೆ ವರ್ಷವಿಡೀ ಒಂದೇ ಸಮನಾಗಿ ವಿದ್ಯುತ್ ಕೊಡಬೇಕೆಂಬುದು ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದು. ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ, 1911ರಲ್ಲಿ ಅದರ ಕೆಲಸ ಶುರುವಾಯಿತು. ಮಂಡ್ಯದ ಗದ್ದೆಗಳಿಗೆ ನೀರು ಕೊಟ್ಟ ಕಟ್ಟೆಯೆಂದೇ ನಾವು ಅದನ್ನು ನೆನೆಯುತ್ತೇವೆ. ಅದು ವಿದ್ಯುತ್ತಿನ ಉಗ್ರಾಣವೂ ಹೌದು.

ಆಮೇಲೆ 1940ರಲ್ಲಿ ಶಿಂಷಾ, 1948ರ ಸುಮಾರಿಗೆ ಜೋಗ. 1964ರ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕೇಂದ್ರದ ಯಂತ್ರಗಳು ಒಂದೊಂದಾಗಿ ತಿರುಗತೊಡಗಿದವು. ಒಟ್ಟು ಹತ್ತು ಯಂತ್ರ, ಆಗಿನ ಲೆಕ್ಕದಲ್ಲಿ ಒಂದೊಂದೂ 89 ಮೆಗಾವ್ಯಾಟ್. 1902ರ ಶಿವನಸಮುದ್ರದಲ್ಲಿ ಇದ್ದದ್ದು ತಲಾ 720 ಕಿಲೋವ್ಯಾಟಿನ ಆರು ಯಂತ್ರ. ಶರಾವತಿಯ ಒಂದು ಯಂತ್ರವೇ ಆ ಇಡೀ ಕೇಂದ್ರದ ಇಪ್ಪತ್ತು ಪಟ್ಟು!

ನಮ್ಮ ಊರುಗಳಿಗೆ ಕಂಬ ನಡೆದುಬರಲು ಶಕ್ತಿ ಕೊಟ್ಟದ್ದು ಶರಾವತಿಯೇ. ಈ ಮಾತು ಹೇಳುವಾಗ ಸಾಗರ, ಹೊಸನಗರ ತಾಲ್ಲೂಕುಗಳ ಜನರನ್ನು ಮರೆಯಬಾರದು. ಅವರ ಅಡಿಕೆ ತೋಟ, ಗದ್ದೆ, ದೇವಸ್ಥಾನ, ಹುಟ್ಟಿದ ಮನೆ ಎಲ್ಲವೂ ಮುಳುಗಿದವು. ಹಿನ್ನೀರಿನ ಅಂಚಿನ ಎಷ್ಟೋ ಮನೆಗಳು ಅದಾದ ಮೇಲೂ ಬಹುಕಾಲ ಕತ್ತಲೆಯಲ್ಲೇ ಇದ್ದವು. ನಮ್ಮ ಮನೆಯ ದೀಪಕ್ಕೆ ಅವರು ಬೆಲೆ ತೆತ್ತಿದ್ದಾರೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಮೈಸೂರು ರಸ್ತೆಯ ಕಾರ್ಖಾನೆಗಳು

ಈ ಚರಿತ್ರೆಯಲ್ಲಿ ನಮ್ಮ ಪಶ್ಚಿಮ ಬೆಂಗಳೂರಿಗೆ ದೊಡ್ಡ ಪಾಲಿದೆ. ಮೈಸೂರು ಸರ್ಕಾರ 1933ರಲ್ಲಿ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ಆರಂಭಿಸಿತು. ಇಂದು ಮೈಸೂರು ರಸ್ತೆಯಲ್ಲಿ ಓಡಾಡುವವರಿಗೆಲ್ಲ ಕವಿಕ ಎಂಬ ಹೆಸರಿನಿಂದ ಪರಿಚಿತವಾದ ಕರ್ನಾಟಕ ವಿದ್ಯುತ್ ಕಾರ್ಖಾನೆ ಅದೇ. ಅಲ್ಲಿ ತಯಾರಾಗುವುದು ಟ್ರಾನ್ಸ್‌ಫಾರ್ಮರ್. ಕಂಬದ ಮೇಲೆ ತಂತಿಯನ್ನು ಹಿಡಿದಿಡುವ ಪಿಂಗಾಣಿಗಾಗಿ ಮಲ್ಲೇಶ್ವರದಾಚೆ, ಟಾಟಾ ಇನ್‌ಸ್ಟಿಟ್ಯೂಟಿನ ಬಳಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಇತ್ತು. ಅದು ಮುಂದೆ ಬಿ.ಎಚ್.ಇ.ಎಲ್. ಸಂಸ್ಥೆಗೆ ಸೇರಿತು. ಬಾವಿಯ ನೀರೆತ್ತುವ ಮೋಟಾರು ತಯಾರಿಸುವ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ 1946ರಲ್ಲಿ ರಾಜಾಜಿನಗರದ ಮಗ್ಗುಲಲ್ಲೇ ಆರಂಭವಾಯಿತು. ಅದಾಗಿ ಮೂರು ವರ್ಷಕ್ಕೆ, 1949ರಲ್ಲಿ, ಸಿ. ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ರಾಜಾಜಿನಗರ ಕೈಗಾರಿಕಾ ಬಡಾವಣೆಗೆ ಅಡಿಗಲ್ಲು ಬಿತ್ತು.

ನಮ್ಮ ಸುತ್ತಿನ ಹಳ್ಳಿಗಳಿಂದ ಸೈಕಲ್ಲಿನಲ್ಲಿ, ಬೆಳಗಿನ ರೈಲಿನಲ್ಲಿ ಈ ಕಡೆಯ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುತ್ತಿದ್ದ ಹಿರಿಯರು ಹಲವರು. ಹಗಲೆಲ್ಲ ಊರೂರಿಗೆ ಕರೆಂಟು ಕೊಡುವ ಸಾಮಾನು ತಯಾರಿಸಿ, ರಾತ್ರಿ ಲಾಟೀನು ಹಿಡಿದು ಮನೆಯ ದಾರಿ ಹಿಡಿದವರೂ ಅವರಲ್ಲಿದ್ದರು. ಶರಾವತಿಯ ವಿದ್ಯುತ್ ಧಾರಾಳವಾಗಿದ್ದ ವರ್ಷಗಳಲ್ಲಿ ರಾಜಾಜಿನಗರ, ವಿಜಯನಗರದಂಥ ಬಡಾವಣೆಗಳ ಮನೆಗಳಿಗೆ ಎ.ಇ.ಎಚ್. ಮೀಟರು ಬಂತು. ದೀಪಕ್ಕೆ ಮಾತ್ರವಲ್ಲ, ಸ್ನಾನದ ನೀರು ಕಾಯಿಸಲೂ ಒಲೆ ಉರಿಸಲೂ ಕರೆಂಟು. ಅಲ್ಲಿ ಹಂಡೆಯ ನೀರು ಕರೆಂಟಿನಲ್ಲಿ ಕಾಯುತ್ತಿದ್ದ ಕಾಲದಲ್ಲೇ ಇಲ್ಲಿ ಬುಡ್ಡಿಯ ಮಸಿ ಒರೆಸುವ ಕೆಲಸ ಮಕ್ಕಳ ಪಾಲಿಗಿತ್ತು.

ಕಪಿಲೆಯಿಂದ ಪಂಪ್‌ಸೆಟ್ಟಿಗೆ

ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1926ರಿಂದ 1941ರ ಅವಧಿಯಲ್ಲೇ ಹಳ್ಳಿಗಳಿಗೂ ವಿದ್ಯುತ್ ಹರಡುವ ಕೆಲಸಕ್ಕೆ ಮೈಸೂರು ಸಂಸ್ಥಾನ ಕೈಹಾಕಿತ್ತು. ಈ ವಿಷಯದಲ್ಲಿ ನಮ್ಮ ಸಂಸ್ಥಾನ ಭಾರತದ ಬಹುತೇಕ ಪ್ರಾಂತ್ಯಗಳಿಗಿಂತ ಮುಂದಿತ್ತು. 1957ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ನಾವು ಕೆ.ಇ.ಬಿ. ಎಂದು ಕರೆದದ್ದು ಅದನ್ನೇ. ಆದರೆ ಹಳ್ಳಿಯ ಕೆಲಸಕ್ಕೆ ನಿಜವಾದ ವೇಗ ಬಂದದ್ದು ಬರಗಾಲದಿಂದ. 1965–66ರಲ್ಲಿ ದೇಶಕ್ಕೆ ಬರ ಬಿದ್ದು, ಹೊರದೇಶದ ಗೋಧಿಗೆ ಕೈಯೊಡ್ಡಬೇಕಾಯಿತು. ಬಾವಿ ನೀರಿನಿಂದ ಬೆಳೆ ಹೆಚ್ಚಿಸಬೇಕು, ಅದಕ್ಕೆ ಪಂಪ್‌ಸೆಟ್ ಬೇಕು ಎಂಬ ತೀರ್ಮಾನವಾಯಿತು. ಹಳ್ಳಿಗಳ ವಿದ್ಯುದೀಕರಣಕ್ಕೆ ಸಾಲ ಕೊಡಲೆಂದೇ 1969ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮವನ್ನು ಸ್ಥಾಪಿಸಿತು.

ಹೀಗಾಗಿ ಎಷ್ಟೋ ಊರುಗಳಲ್ಲಿ ಕರೆಂಟು ಮೊದಲು ಬಂದದ್ದು ಮನೆಗಲ್ಲ, ಬಾವಿಗೆ. ಅದಕ್ಕೆ ಮೊದಲು ನಮ್ಮ ಸೀಮೆಯ ತೋಟಗಳಿಗೆ ನೀರು ಕೊಡುತ್ತಿದ್ದದ್ದು ಕಪಿಲೆ. ಜೋಡಿ ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆಯುತ್ತ ಇಳಿದರೆ ಚರ್ಮದ ಚೀಲ ಬಾವಿಯಿಂದ ಮೇಲೆ ಬಂದು ನೀರು ಸುರಿಯುತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ಕಪಿಲೆ ಹೂಡಿದರೆ ಬಿಸಿಲೇರುವವರೆಗೂ ಮನುಷ್ಯನೂ ಎತ್ತುಗಳೂ ಹಿಂದೆ ಮುಂದೆ ನಡೆಯಬೇಕು. ಐದು ಕುದುರೆಶಕ್ತಿಯ ಮೋಟಾರು ಬಂದಾಗ ಆ ನಡಿಗೆ ನಿಂತಿತು. ಸೊಪ್ಪು, ತರಕಾರಿ, ಹೂವು, ಹಿಪ್ಪುನೇರಳೆ ಬೆಳೆದು ಬೆಂಗಳೂರಿನ ಮಾರುಕಟ್ಟೆಗೆ ಸಾಗಿಸಿದವರ ಮನೆಯ ಮಕ್ಕಳು ಹೈಸ್ಕೂಲು ಸೇರಿದರು. ನಮ್ಮ ಶಾಲೆಯ ಮೊದಲ ತಂಡಗಳ ಅನೇಕ ವಿದ್ಯಾರ್ಥಿಗಳ ಫೀಜು, ಪುಸ್ತಕದ ದುಡ್ಡು ಬಂದದ್ದು ಪಂಪ್‌ಸೆಟ್ಟಿನ ನೀರಿನಿಂದಲೇ. ರಾಗಿ ಮಿಲ್ಲು ಬಂದದ್ದೂ ಆಗಲೇ. ಬೀಸುವ ಕಲ್ಲಿನ ಮುಂದೆ ನಸುಕಿನಲ್ಲೇ ಕೂರುವ ಕೆಲಸ ಹೆಣ್ಣುಮಕ್ಕಳಿಗೆ ತಪ್ಪಿತು. ಅವರಲ್ಲಿ ಕೆಲವರು ಶಾಲೆಗೆ ಬರಲು ಸಾಧ್ಯವಾದದ್ದರಲ್ಲಿ ಆ ಮಿಲ್ಲಿನ ಪಾಲೂ ಇದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ನೀರು ಸುಲಭವಾದಂತೆ ಬಾವಿ ಬತ್ತಿತು, ಬೋರ್‌ವೆಲ್ ಬಂತು, ಅದೂ ವರ್ಷ ವರ್ಷಕ್ಕೆ ಆಳಕ್ಕಿಳಿಯಿತು. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರೈತ ಟಾರ್ಚು ಹಿಡಿದು, ಹಾವು ಚೇಳಿನ ಭಯದಲ್ಲೇ ಸ್ಟಾರ್ಟರ್ ಒತ್ತಲು ಹೋಗಬೇಕಾಯಿತು. 2008ರಲ್ಲಿ 10 ಕುದುರೆಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಕರೆಂಟು ಉಚಿತವಾಯಿತು. ಆ ಹೊತ್ತಿಗೆ ನಮ್ಮ ಅನೇಕ ತೋಟಗಳು ಸೈಟುಗಳಾಗಿದ್ದವು.

ಕಂಬದಿಂದ ಮನೆಯವರೆಗೆ

ಊರಿಗೆ ಕರೆಂಟು ಬಂತು ಎಂದರೆ ಊರಿನ ಮನೆಗಳಿಗೆ ಬಂತು ಎಂದು ಅರ್ಥವಲ್ಲ. 1997ರವರೆಗೆ ಸರ್ಕಾರಿ ಲೆಕ್ಕದಲ್ಲಿ ಗ್ರಾಮದ ಎಲ್ಲೆಯೊಳಗೆ ಯಾವುದಾದರೂ ಒಂದು ಕೆಲಸಕ್ಕೆ ವಿದ್ಯುತ್ ಬಳಕೆಯಾದರೆ ಸಾಕು, ಆ ಗ್ರಾಮ ವಿದ್ಯುದೀಕರಣಗೊಂಡಂತೆ. ಯಾರದೋ ಹೊಲದ ಮೂಲೆಯಲ್ಲಿ ಒಂದು ಪಂಪ್‌ಸೆಟ್ ಓಡಿದರೂ ಸರಿಯೇ. 2004ರ ನಂತರ ನಿಯಮ ಬಿಗಿಯಾಯಿತು. ಶಾಲೆ, ಪಂಚಾಯಿತಿ ಕಚೇರಿಯಂಥ ಸಾರ್ವಜನಿಕ ಜಾಗಗಳಿಗೂ, ನೂರಕ್ಕೆ ಹತ್ತು ಮನೆಗಳಿಗಾದರೂ ವಿದ್ಯುತ್ ಇರಬೇಕೆಂದಾಯಿತು. ಹತ್ತು ಮನೆ ಬೆಳಗಿದರೆ ತೊಂಬತ್ತು ಮನೆ ಕತ್ತಲಲ್ಲಿದ್ದರೂ ಊರು ಬೆಳಗಿದ ಲೆಕ್ಕವೇ. 2018ರ ಏಪ್ರಿಲಿನಲ್ಲಿ ಮಣಿಪುರದ ಲೈಸಾಂಗ್ ಎಂಬ ಹಳ್ಳಿಗೆ ವಿದ್ಯುತ್ ಬಂದು, ದೇಶದ ಎಲ್ಲ ಹಳ್ಳಿಗಳೂ ವಿದ್ಯುದೀಕರಣಗೊಂಡವು ಎಂದು ಘೋಷಣೆಯಾದಾಗಲೂ ಅನ್ವಯವಾದದ್ದು ಇದೇ ಅಳತೆ.

ಕಂಬದಿಂದ ಮನೆಗೆ ಇರುವ ದೂರ ನೂರು ಅಡಿಯೂ ಇರಲಿಕ್ಕಿಲ್ಲ. ಆದರೆ ಠೇವಣಿ ಕಟ್ಟಬೇಕು, ಮನೆಯೊಳಗೆ ವೈರಿಂಗ್ ಮಾಡಿಸಬೇಕು, ಮನೆ ತನ್ನದೆಂಬ ಕಾಗದ ತೋರಿಸಬೇಕು. ಹುಲ್ಲು ಹೊದಿಸಿದ ಗುಡಿಸಲಿನಲ್ಲಿ ಕೂಲಿ ಮಾಡಿ ಬದುಕುವವರಿಗೆ ಈ ನೂರು ಅಡಿಯೇ 92 ಮೈಲಿಗಿಂತ ದೂರವಾಗಿತ್ತು. ಮೊದಲ ಸಂಪರ್ಕ ಊರ ನಡುವಿನ ಅನುಕೂಲಸ್ಥರ ಮನೆಗೆ ಬಂತು. ಕೇರಿ, ಕಾಲೋನಿಗಳ ಸರದಿ ಕೊನೆಗೆ ಬಂತು. ಬೀದಿ ದೀಪದ ಕೆಳಗೆ ಕುಳಿತು ಓದಿದವರ ಕಥೆಯನ್ನು ನಾವು ಮೆಚ್ಚುಗೆಯಿಂದ ಹೇಳುತ್ತೇವೆ. ಅವರು ಬೀದಿಗೆ ಬಂದದ್ದು ಮನೆಯೊಳಗೆ ದೀಪವಿಲ್ಲದ್ದಕ್ಕೆ ಎಂಬುದನ್ನೂ ಹೇಳಬೇಕು.

ಈ ನೂರು ಅಡಿಯನ್ನು ದಾಟಿಸಿದ್ದು ಎಂಬತ್ತರ ದಶಕದ ಆರಂಭದ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಬಂದ ಭಾಗ್ಯಜ್ಯೋತಿ ಯೋಜನೆ. ಬಡವರ ಮನೆಗೆ ಒಂದು ದೀಪ. ಒಂದೇ ಬಲ್ಬು ನಿಜ, ಆದರೆ ಅದರ ಕೆಳಗೆ ಅಡುಗೆಯೂ ಆಗುತ್ತಿತ್ತು, ಊಟವೂ ಆಗುತ್ತಿತ್ತು, ಮಕ್ಕಳ ಲೆಕ್ಕವೂ ಆಗುತ್ತಿತ್ತು.

ಇಲ್ಲೊಂದು ಚಿಕ್ಕ ಲೆಕ್ಕ ಮಾಡೋಣ. 40 ವ್ಯಾಟಿನ ಬಲ್ಬು ದಿನಕ್ಕೆ ನಾಲ್ಕು ಗಂಟೆ ಉರಿದರೆ ತಿಂಗಳಿಗೆ ಐದು ಯೂನಿಟ್ ಕೂಡ ಆಗುವುದಿಲ್ಲ. ಅಂಥ ನೂರು ಮನೆಗಳಿಗೆ ಬೇಕಾದ ಕರೆಂಟು ದಿನಕ್ಕೆ 16 ಯೂನಿಟ್. ಐದು ಕುದುರೆಶಕ್ತಿಯ ಒಂದೇ ಒಂದು ಪಂಪ್‌ಸೆಟ್ ನಾಲ್ಕು ಗಂಟೆಯ ಮೇಲೆ ಸ್ವಲ್ಪ ಹೊತ್ತು ಓಡಿದರೆ ಅಷ್ಟೇ ಖರ್ಚಾಗುತ್ತದೆ. ನೂರು ಮನೆಯ ಮಕ್ಕಳ ಓದಿಗೆ ಬೇಕಿದ್ದದ್ದು ಒಂದು ಬಾವಿಯ ಕರೆಂಟು! ನಾಡಿನಲ್ಲಿ ಶಕ್ತಿಯ ಕೊರತೆಯಿಂದ ಗುಡಿಸಲು ಕತ್ತಲಲ್ಲಿ ಉಳಿಯಲಿಲ್ಲ ಎಂದು ಈ ಲೆಕ್ಕ ತೋರಿಸುತ್ತದೆ. ಯಾರಿಗೆ ಮೊದಲು ಎಂಬ ಪ್ರಶ್ನೆ ಬಂದಾಗಲೆಲ್ಲ ಗುಡಿಸಲು ಸಾಲಿನ ಕೊನೆಯಲ್ಲಿ ನಿಂತಿತ್ತು, ಅಷ್ಟೇ.

ಪರೀಕ್ಷೆಯ ಕಾಲ, ಕಡಿತದ ಕಾಲ

ಮನೆಗೆ ದೀಪ ಬಂದ ಮೇಲೂ ಅದು ಉರಿಯುತ್ತದೆಂಬ ಖಾತ್ರಿ ಇರಲಿಲ್ಲ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಆರಂಭವಾಗುವವರೆಗೆ ನಮ್ಮ ರಾಜ್ಯದ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ನೀರಿನದೇ. ಮಲೆನಾಡಿನಲ್ಲಿ ಮಳೆ ಕೈಕೊಟ್ಟರೆ ಬಯಲುಸೀಮೆಯಲ್ಲಿ ದೀಪ ಆರುತ್ತಿತ್ತು. ಜಲಾಶಯ ತುಂಬುವುದು ಜೂನಿನಿಂದ ಅಕ್ಟೋಬರಿನವರೆಗೆ. ತಳ ಕಾಣುವುದು ಮಾರ್ಚಿನಿಂದ ಮೇವರೆಗೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಯುವುದೂ ಮಾರ್ಚ್–ಏಪ್ರಿಲಿನಲ್ಲೇ. ನಾಡಿನ ನೀರಿನ ಉಗ್ರಾಣ ಬರಿದಾಗುವ ಹೊತ್ತಿಗೇ ಮಕ್ಕಳಿಗೆ ದೀಪದ ಅಗತ್ಯ ಅತಿ ಹೆಚ್ಚು.

ನಮ್ಮ ಶಾಲೆಯ ಮೇಷ್ಟ್ರುಗಳು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದರು. ಫೆಬ್ರವರಿ ಬಂತೆಂದರೆ ಹತ್ತನೆಯ ತರಗತಿಯ ಹುಡುಗರು ರಾತ್ರಿ ಚಾಪೆ ಹೊದಿಕೆಯೊಂದಿಗೆ ಶಾಲೆಗೆ ಬರುತ್ತಿದ್ದರು. ಕರೆಂಟು ಹೋದರೆ ಪೆಟ್ರೋಮ್ಯಾಕ್ಸ್ ಹಚ್ಚುತ್ತಿದ್ದರು. ಅದರ ಬುಸ್ಸೆನ್ನುವ ಸದ್ದಿನ ಸುತ್ತ ಕುಳಿತು ಬೀಜಗಣಿತ ಕಲಿತವರು ಇಂದು ಎಂಜಿನಿಯರುಗಳಾಗಿದ್ದಾರೆ, ಶಿಕ್ಷಕರಾಗಿದ್ದಾರೆ, ಬಸ್ ಓಡಿಸುತ್ತಿದ್ದಾರೆ, ಬೇಸಾಯ ಮಾಡುತ್ತಿದ್ದಾರೆ. ಹೆಣ್ಣುಮಕ್ಕಳಿಗೆ ರಾತ್ರಿ ಶಾಲೆಗೆ ಬರುವ ಅನುಕೂಲವಿರಲಿಲ್ಲ. ಅವರು ಮನೆಯಲ್ಲೇ, ಕೆಲಸ ಮುಗಿಸಿ, ಬುಡ್ಡಿಯ ಬೆಳಕಿನಲ್ಲಿ ಓದಿ ಪಾಸಾದರು. ಅವರ ಪಾಸು ನಮ್ಮ ಪಾಸಿಗಿಂತ ದೊಡ್ಡದೆಂದು ನಾನು ಇಂದಿಗೂ ನಂಬುತ್ತೇನೆ.

ಇಂದಿನ ಲೆಕ್ಕ, ಮುಂದಿನ ಕೆಲಸ

ಇಂದು ನಮ್ಮ ಸೀಮೆಯ ಗುರುತೇ ಸಿಗದು. 1999ರಲ್ಲಿ ಕೆ.ಇ.ಬಿ. ಹೋಗಿ ಕೆ.ಪಿ.ಟಿ.ಸಿ.ಎಲ್. ಬಂತು, 2002ರಲ್ಲಿ ಬೆಸ್ಕಾಂ ಬಂತು. 2021ರ ಆಗಸ್ಟಿನಲ್ಲಿ ಕೆಂಗೇರಿಗೆ ಮೆಟ್ರೋ ಬಂತು. ಹಳಿಯ ಪಕ್ಕದ 750 ವೋಲ್ಟಿನ ಮೂರನೆಯ ಹಳಿಯಿಂದ ಅದಕ್ಕೆ ಶಕ್ತಿ. ಶಿವನಸಮುದ್ರದ ಸಮೀಪದ ತೊರೆಕಾಡನಹಳ್ಳಿಯಿಂದ 1974ರಲ್ಲಿ ಮೊದಲ ಹಂತದ ಕಾವೇರಿ ನೀರು ಬೆಂಗಳೂರಿಗೆ ಬಂತು. ಅದನ್ನು ಸುಮಾರು ನೂರು ಕಿಲೋಮೀಟರು ದೂರ, ಐನೂರು ಮೀಟರಿನಷ್ಟು ಎತ್ತರಕ್ಕೆ ತಳ್ಳುವುದು ವಿದ್ಯುತ್ ಪಂಪುಗಳು. ಒಂದು ಕಾಲಕ್ಕೆ ಕೆಳಗೆ ಬಿದ್ದು ನಮಗೆ ಕರೆಂಟು ಕೊಟ್ಟ ಕಾವೇರಿಯನ್ನು ಈಗ ಕರೆಂಟು ಖರ್ಚು ಮಾಡಿ ಮೇಲೆತ್ತುತ್ತಿದ್ದೇವೆ. ಯಾವ ಗಣಿಗಾಗಿ ಶಿವನಸಮುದ್ರದ ಕೇಂದ್ರ ಕಟ್ಟಿದರೋ ಆ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. 2023ರಿಂದ ಗೃಹಜ್ಯೋತಿಯಡಿ ಮನೆಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ದೊರೆಯುತ್ತಿದೆ.

ಕೂಡಿಡುವ ಪ್ರಶ್ನೆ ಮಾತ್ರ ಇನ್ನೂ ಹಾಗೇ ಇದೆ. ಪಾವಗಡದ ಸುಮಾರು 13 ಸಾವಿರ ಎಕರೆಯ ಸೋಲಾರ್ ಪಾರ್ಕು 2,050 ಮೆಗಾವ್ಯಾಟಿನದು. ಬಿಸಿಲಿದ್ದಾಗ ಮಾತ್ರ ಅದು ದುಡಿಯುತ್ತದೆ, ನಮಗೆ ದೀಪ ಬೇಕಾದದ್ದು ಸಂಜೆ. ಹಗಲಿನ ಕರೆಂಟಿನಿಂದ ನೀರನ್ನು ಮೇಲಿನ ಜಲಾಶಯಕ್ಕೆತ್ತಿ, ರಾತ್ರಿ ಕೆಳಗೆ ಬಿಟ್ಟು ಮತ್ತೆ ಕರೆಂಟು ತೆಗೆಯುವ 2,000 ಮೆಗಾವ್ಯಾಟಿನ ಯೋಜನೆಯೊಂದನ್ನು ಶರಾವತಿ ಕಣಿವೆಯಲ್ಲೇ ಮುಂದಿಟ್ಟಿದ್ದಾರೆ. ಅಲ್ಲಿನ ಕಾಡಿಗೆ ಕುತ್ತು ಬರುತ್ತದೆಂದು ವಿರೋಧವೂ ಎದ್ದಿದೆ. ಈಗ ಎಂಟನೆಯ ತರಗತಿಯಲ್ಲಿರುವ ಮಕ್ಕಳು ಮತ ಹಾಕುವ ವಯಸ್ಸಿಗೆ ಬಂದಾಗ ಇಂಥ ಪ್ರಶ್ನೆಗಳು ಅವರ ಮುಂದೆಯೂ ಬರುತ್ತವೆ. ಕರೆಂಟು ಯಾರಿಗೆ ಮೊದಲು ಸಿಗುತ್ತದೆ, ಅದಕ್ಕಾಗಿ ಯಾರು ಏನನ್ನು ಕಳೆದುಕೊಳ್ಳುತ್ತಾರೆ, ಸಾಲಿನ ಕೊನೆಯಲ್ಲಿ ಯಾರು ನಿಂತಿದ್ದಾರೆ ಎಂದು ಕೇಳಲು ಕಲಿತರೆ ಸಾಕು, ನಮ್ಮ ಶಾಲೆಯ ಚರಿತ್ರೆಯ ಪಾಠ ಸಾರ್ಥಕ.

ಕೊನೆಯದಾಗಿ ಈಗಿನ ವಿದ್ಯಾರ್ಥಿಗಳಿಗೂ ಶಿಕ್ಷಕ ಮಿತ್ರರಿಗೂ ಒಂದು ಕೋರಿಕೆ. ಪ್ರತಿ ಮನೆಯ ಕರೆಂಟು ಬಿಲ್ಲಿನ ಮೇಲೆ ಆರ್.ಆರ್. ನಂಬರ್ ಇರುತ್ತದೆ. ಸಂಪರ್ಕ ಕೊಟ್ಟಾಗ ದಾಖಲೆ ಪುಸ್ತಕದಲ್ಲಿ ಬರೆದ ಸಂಖ್ಯೆ ಅದು. ಊರಿನ ಹಳೆಯ ಬಿಲ್ಲು, ರಸೀದಿಗಳನ್ನು ಹುಡುಕಿ, ಯಾವ ಬೀದಿಗೆ ಯಾವಾಗ ದೀಪ ಬಂತು, ಯಾವ ಕೇರಿಗೆ ಎಷ್ಟು ವರ್ಷ ತಡವಾಗಿ ಬಂತು ಎಂದು ಅಜ್ಜಿ ತಾತಂದಿರನ್ನು ಕೇಳಿ ಬರೆದಿಡಿ. ಕಪಿಲೆ ಹೊಡೆದವರು, ಲಾಟೀನು ಒರೆಸಿದವರು ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ. ಒಂದು ನೋಟ್‌ಬುಕ್ ಹಿಡಿದು ಈ ಬೇಸಿಗೆ ರಜೆಯಲ್ಲೇ ಹೊರಡಿ. ನೀವು ಬರೆದದ್ದನ್ನು ಶಾಲೆಯ ಗ್ರಂಥಾಲಯದಲ್ಲಿಟ್ಟರೆ, ವಜ್ರಮಹೋತ್ಸವದ ಸಂಚಿಕೆಗೆ ಲೇಖನ ಬರೆಯುವವರು ನನಗಿಂತ ಚೆನ್ನಾಗಿ ಬರೆಯಬಲ್ಲರು.